ಹೆಸರಿಲ್ಲದ ಸ್ಕೋಪ್, ಬಿಚ್ಚದ ಪೆಟ್ಟಿಗೆ, ಮತ್ತು ನಿಮ್ಮ ವರದಿ

ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರಿಗೆ,

ವಿಷಯ: ಗುರುತಿಲ್ಲದ ಹಳೇ ರೈಫಲ್ ಸ್ಕೋಪ್ ಬಗ್ಗೆ ನೀವು ಕಳಿಸಿದ ವರದಿ

ನಮಸ್ಕಾರ. ಮೂರು ಸಲ ಫೋನ್ ಮಾಡಿದ್ದೇನೆ, ಎರಡು ಮೇಲ್ ಹಾಕಿದ್ದೇನೆ. ಈ ಪತ್ರವನ್ನು ಸಮಾಧಾನವಾಗಿ ಬರೆಯಬೇಕು ಅಂತ ಕೂತಿದ್ದೇನೆ. ಎಲ್ಲಿಯವರೆಗೆ ಆಗುತ್ತದೋ ನೋಡೋಣ.

ಸೆಕೆಂಡ್‌ಹ್ಯಾಂಡ್‌ನಲ್ಲಿ ಕೊಂಡ ಸ್ಕೋಪ್ ಅದು, ಗುರಿಯಿಡೋಕೆ ರೈಫಲ್ ಮೇಲೆ ಕೂರಿಸುವ ದುರ್ಬೀನು. ಮೈಮೇಲೆ ಒಂದಕ್ಷರ ಇಲ್ಲ. ಕಂಪನಿ ಹೆಸರಿಲ್ಲ, ನಂಬರ್ ಇಲ್ಲ, ಯಾವ ದೇಶದ್ದು ಅಂತಲೂ ಇಲ್ಲ. ಮಾರಿದವರಿಗೂ ಗೊತ್ತಿರಲಿಲ್ಲ. ಅದಕ್ಕೇ ನಿಮ್ಮ ಹತ್ತಿರ ಬಂದೆ. ಗುರುತಿಲ್ಲದ ಹಳೇ ಸ್ಕೋಪ್‌ಗಳನ್ನು ಗುರುತಿಸಿ ಕೊಡುತ್ತೇವೆ ಅಂತ ದೊಡ್ಡದಾಗಿ ಬರೆದುಕೊಂಡಿರುವವರು ನೀವೇ ಅಲ್ವಾ? ಇಬ್ಬರು ಪರಿಣತರು ಕೈಯಲ್ಲಿ ಹಿಡಿದು ನೋಡುತ್ತಾರೆ, ಕೊಳವೆಯ ಅಳತೆ ತೆಗೆಯುತ್ತಾರೆ, ಗುರುತಿಸಲು ಆಗದಿದ್ದರೆ ಅರ್ಧ ಶುಲ್ಕ ವಾಪಸ್. ಇದೆಲ್ಲ ನಿಮ್ಮದೇ ನಿಯಮ, ನಾನು ನಿಮಗೆ ಓದಿ ಹೇಳಬೇಕಾಗಿಲ್ಲ.

ನಿಮ್ಮ ಅರ್ಜಿಯಲ್ಲಿ ಬ್ರ್ಯಾಂಡ್ ಅನ್ನೋ ಜಾಗ ಖಾಲಿ ಬಿಟ್ಟರೆ ಮುಂದಕ್ಕೇ ಹೋಗುವುದಿಲ್ಲ. ಬೇರೆ ದಾರಿ ಇಲ್ಲದೆ "ಗೊತ್ತಿಲ್ಲ" ಅಂತ ತುಂಬಿದೆ. ಇದು ನೆನಪಿರಲಿ, ಮುಂದೆ ಬರುತ್ತದೆ.

ಆರು ವಾರ ಸುದ್ದಿಯಿಲ್ಲ. ಮೂರನೇ ಸಲ ಫೋನ್ ಮಾಡಿದಾಗ ಆದ ಮಾತುಕತೆಯನ್ನು ನಿಮ್ಮ ತರಬೇತಿಗೆ ಉಪಯೋಗವಾಗಲಿ ಅಂತ ಪೂರ್ತಿ ಬರೆಯುತ್ತೇನೆ. ಇಪ್ಪತ್ತು ನಿಮಿಷ ಸಂಗೀತ ಕೇಳಿಸಿದ ಮೇಲೆ ಒಬ್ಬರು ಸಿಕ್ಕಿದರು.

"ಮಾಡೆಲ್ ನಂಬರ್ ಹೇಳಿ."

"ಇಲ್ಲ. ಅದನ್ನು ಕಂಡುಹಿಡಿಯೋಕೇ ನಿಮಗೆ ಕಳಿಸಿದ್ದು."

"ಸರಿ. ಹಾಗಿದ್ರೆ ಸೀರಿಯಲ್ ನಂಬರ್?"

"ಅದೂ ಇಲ್ಲ."

"ಕೆಳಗಡೆ ಸ್ಟಿಕ್ಕರ್ ಇರುತ್ತೆ, ತಿರುಗಿಸಿ ನೋಡಿ."

"ಸ್ಕೋಪ್ ನಿಮ್ಮ ಹತ್ತಿರ ಇದೆ."

ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಅದು ಬಂದಿದ್ದ ಡಬ್ಬಿ ಮೇಲೆ ಏನಾದ್ರೂ ಬರೆದಿತ್ತಾ?"

ಎಪ್ಪತ್ತು ಎಂಬತ್ತು ವರ್ಷ ಹಳೆಯದಿರಬಹುದಾದ ವಸ್ತುವಿನ ಡಬ್ಬಿ! ಇಲ್ಲ ಅಂದೆ. ಹೋಲ್ಡ್ ಮಾಡ್ತೀನಿ ಅಂದರು. ಆದರೆ ಗುಂಡಿ ಸರಿಯಾಗಿ ಒತ್ತಲಿಲ್ಲ. ಪಕ್ಕದವರಿಗೆ ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು: "ಇವರ ಹತ್ರ ಇರೋದು ಏನು ಅಂತ ಇವರಿಗೇ ಗೊತ್ತಿಲ್ವಂತೆ." ಇಬ್ಬರೂ ನಕ್ಕರು. ನಾನು ಫೋನ್ ಹಿಡಿದುಕೊಂಡು ಆ ನಗು ಮುಗಿಯುವವರೆಗೆ ಕಾದೆ. ಆಮೇಲೆ ಅದೇ ದನಿ ತುಂಬಾ ವಿನಯದಿಂದ, "ಕಾದಿದ್ದಕ್ಕೆ ಧನ್ಯವಾದ, ಮಾಡೆಲ್ ನಂಬರ್ ಸಿಕ್ಕಿತಾ?" ಅಂತ ಕೇಳಿತು.

ಅದನ್ನೂ ನುಂಗಿಕೊಂಡೆ. ನಿನ್ನೆ ವರದಿ ಬಂತು.

ಮೊದಲ ಸಾಲು: "ಬ್ರ್ಯಾಂಡ್: ಗೊತ್ತಿಲ್ಲ." ಎರಡನೇ ಸಾಲು: "ಗೊತ್ತಿಲ್ಲ ಬ್ರ್ಯಾಂಡಿನ ಸ್ಕೋಪ್‌ಗಳು ಸಾಮಾನ್ಯವಾಗಿ 1960ರ ದಶಕದವು." ಅಭಿನಂದನೆ. ಹೊಸ ಕಂಪನಿಯನ್ನೇ ಹುಡುಕಿದ್ದೀರಿ. ಮುಂದೆ, ಒಂದು ಇಂಚಿನ ಅಲ್ಯೂಮಿನಿಯಂ ಕೊಳವೆ, ನಾಲ್ಕು ಪಟ್ಟು ದೊಡ್ಡದಾಗಿ ತೋರಿಸುತ್ತದೆ, ಕ್ರಾಸ್‌ಹೇರ್ (ಗುರಿಯಿಡುವ ಅಡ್ಡ-ಉದ್ದ ಗೆರೆಗಳು) ಸದಾ ನಡುವೆ ನಿಲ್ಲುವ ಮಾದರಿ.

ಈಗ ನನ್ನ ಮೇಜಿನ ಮೇಲೆ ಸ್ಕೋಪ್ ಇದೆ, ಪಕ್ಕದಲ್ಲಿ ಅಡ್ಡಳತೆ ತೆಗೆಯುವ ಒಂದು ಕ್ಯಾಲಿಪರ್ ಮತ್ತು ಫ್ರಿಜ್ ಬಾಗಿಲಿಂದ ಕಿತ್ತ ಮ್ಯಾಗ್ನೆಟ್. ಮ್ಯಾಗ್ನೆಟ್ ಕೊಳವೆಗೆ ಟಪ್ಪಂತ ಅಂಟಿತು. ಅಲ್ಯೂಮಿನಿಯಂಗೆ ಅಂಟುವ ಮ್ಯಾಗ್ನೆಟ್ ನಿಮ್ಮಲ್ಲಿದ್ದರೆ ದಯವಿಟ್ಟು ತೋರಿಸಿ. ಅಡ್ಡಳತೆ 22.2 ಮಿ.ಮೀ., ಅಂದರೆ ಮುಕ್ಕಾಲೂ ಅಲ್ಲದ, ಒಂದೂ ಅಲ್ಲದ, ಎಂಟನೇ ಏಳು ಇಂಚು. ಒಂದು ಇಂಚು ಅಂದರೆ 25.4. ಮೂರು ಮಿ.ಮೀ.ಗಿಂತ ಜಾಸ್ತಿ ವ್ಯತ್ಯಾಸ, ಸ್ಕೋಪನ್ನು ರೈಫಲ್‌ಗೆ ಹಿಡಿಸುವ ಒಂದು ಇಂಚಿನ ರಿಂಗ್ ಹಾಕಿದರೆ ಒಳಗೆ ಗಿಲಕಿಯ ಹಾಗೆ ಅಲ್ಲಾಡುತ್ತದೆ. ಮುಂದಿನ ಲೆನ್ಸ್‌ನ ಅಗಲ ಸುಮಾರು 20 ಮಿ.ಮೀ. ಬೆಳಕಿನ ಕಡೆ ಹಿಡಿದು ಸ್ವಲ್ಪ ದೂರದಿಂದ ನೋಡಿದರೆ ಕಣ್ಣಿನ ಕಡೆಯ ಗಾಜಿನಲ್ಲಿ ಒಂದು ಬೆಳಕಿನ ಬಿಲ್ಲೆ ಕಾಣುತ್ತದೆ, ಅದು 8 ಮಿ.ಮೀ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ, ಎರಡೂವರೆ ಪಟ್ಟು. ನಾಲ್ಕು ಎಲ್ಲಿಂದ ತಂದಿರಿ? ಮೇಲಿನ ಗುಂಡಿ ತಿರುಗಿಸಿದರೆ ಕ್ರಾಸ್‌ಹೇರೇ ನಡುವಿನಿಂದ ಜಾರಿ ಮೇಲಕ್ಕೋ ಕೆಳಕ್ಕೋ ಹೋಗುತ್ತದೆ. ಹಳೇ ಸ್ಕೋಪ್‌ಗಳ ಸ್ವಭಾವವೇ ಅದು. ಕಣ್ಣಿಟ್ಟು ನೋಡಿದ ಯಾರಿಗೂ ಹತ್ತು ಸೆಕೆಂಡಿನಲ್ಲಿ ಗೊತ್ತಾಗುತ್ತದೆ.

ಎಂಟನೇ ಏಳು ಇಂಚಿನ ಉಕ್ಕಿನ ಕೊಳವೆ, ಎರಡೂವರೆ ಪಟ್ಟು ಅಂದಕೂಡಲೇ ಹಳೇ ಸ್ಕೋಪ್ ಹುಚ್ಚಿರುವವರ ಬಾಯಿಗೆ ಬರುವ ಮೊದಲ ಹೆಸರು ಅಮೆರಿಕದ ಲೈಮನ್ ಕಂಪನಿಯ ಅಲಾಸ್ಕನ್ ಸ್ಕೋಪ್. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಎಂ1ಸಿ ಸ್ನೈಪರ್ ರೈಫಲ್ ಮೇಲೆ ಕೂರಿಸಿದ್ದು ಅದರದೇ ಸೈನ್ಯದ ರೂಪ. ಇನ್ನೊಂದು ಹಳೇ ಅಮೆರಿಕನ್ ಸ್ಕೋಪ್, ವೀವರ್ 330 ಅನ್ನೋಣ ಅಂದರೆ ಅದರ ಕೊಳವೆ ಮುಕ್ಕಾಲು ಇಂಚು, ಅದು ಆಚೆ ಹೋಯಿತು. ನನ್ನದು ಅಲಾಸ್ಕನ್ನೇ ಅಂತ ನಾನು ಹೇಳುತ್ತಿಲ್ಲ. ಹೇಳಬೇಕಾದವರು ನೀವು, ದುಡ್ಡು ತೆಗೆದುಕೊಂಡವರೂ ನೀವೇ. ಆದರೆ ಹೌದು ಅಂತಲೋ ಅಲ್ಲ ಅಂತಲೋ ವಾದ ಮಾಡುವಷ್ಟಾದರೂ ನೋಡಿರಬೇಕಿತ್ತು.

ನೀವು ನೋಡಲೇ ಇಲ್ಲ. ಕಳಿಸುವಾಗ ಒಳಗಿನ ಪೆಟ್ಟಿಗೆಗೆ ಟೇಪ್ ಸುತ್ತಿ, ಟೇಪ್ ಕೂಡುವ ಕಡೆ ಅಡ್ಡಲಾಗಿ ಸಹಿ ಹಾಕಿದ್ದೆ. ಸುಮ್ನೆ, ಹಳೇ ಅಭ್ಯಾಸ. ನಿನ್ನೆ ನಿಮ್ಮ ಹೊರಗಿನ ಪೆಟ್ಟಿಗೆ ಬಿಚ್ಚಿದರೆ ಒಳಗೆ ನನ್ನ ಪೆಟ್ಟಿಗೆ, ನನ್ನ ಟೇಪ್, ನನ್ನ ಸಹಿ. ಒಂದು ಗೆರೆಯೂ ಕದಲಿಲ್ಲ. ಅದರ ಮೇಲೇ ನಿಮ್ಮ ವರದಿ ಅಂಟಿಸಿದ್ದೀರಿ, "ಇಬ್ಬರು ಪರಿಣತರು ಕೈಯಾರೆ ಪರಿಶೀಲಿಸಿದ್ದಾರೆ" ಅಂತ. ಪೆಟ್ಟಿಗೆ ಬಿಚ್ಚದೆ ಒಳಗಿನ ಕೊಳವೆ ಅಳೆಯುವ ಕೈಗಳು ನಿಮ್ಮಲ್ಲಿದ್ದರೆ ಸ್ಕೋಪ್ ಗುರುತಿಸುವ ಸಣ್ಣ ಕೆಲಸ ಯಾಕೆ ಮಾಡುತ್ತೀರಿ?

ಪೂರ್ತಿ ಶುಲ್ಕ ಮತ್ತು ಎರಡೂ ಕಡೆಯ ಸಾಗಣೆ ಖರ್ಚು ಹತ್ತು ದಿನದಲ್ಲಿ ವಾಪಸ್ ಬರಬೇಕು. ಅರ್ಧ ಬೇಡ. ಅರ್ಧ ವಾಪಸ್ ಅನ್ನೋದು ನೋಡಿಯೂ ಗುರುತಿಸಲು ಆಗದವರಿಗೆ.

ಬಿಚ್ಚುವ ಮೊದಲು ಆ ಟೇಪಿನ ಫೋಟೋ ನಾಲ್ಕು ಕಡೆಯಿಂದ ತೆಗೆದಿದ್ದೇನೆ. ಕ್ಯಾಲಿಪರ್ 22.2 ತೋರಿಸುವ ಫೋಟೋ ಇದೆ. ಕರೆಗಳು ರೆಕಾರ್ಡ್ ಆಗುತ್ತವೆ ಅಂತ ನಿಮ್ಮ ಯಂತ್ರ ಪ್ರತಿ ಸಲ ಹೇಳುತ್ತದೆ, ನನ್ನ ಫೋನೂ ಅದನ್ನೇ ಮಾಡುತ್ತದೆ. ಆ ನಗು ಇದೆ. ಹತ್ತು ದಿನ ಆದಮೇಲೆ ಇವನ್ನೆಲ್ಲ ನಿಮ್ಮ ವರದಿಯ ಪಕ್ಕದಲ್ಲಿಟ್ಟು, ಹಳೇ ಸ್ಕೋಪ್ ಕೂಡಿಡುವವರು ಎಲ್ಲೆಲ್ಲಿ ಸೇರುತ್ತಾರೋ ಅಲ್ಲೆಲ್ಲ ಹಾಕುತ್ತೇನೆ. ನಿಜ ಹೇಳಬೇಕೆಂದರೆ, ಹಣ ವಾಪಸ್ ಬಂದರೂ ಟೇಪಿನ ಫೋಟೋ ಮಾತ್ರ ಹಾಕಿಯೇ ಹಾಕುತ್ತೇನೆ.

ಇಂತಿ,
"ಗೊತ್ತಿಲ್ಲ" ಬ್ರ್ಯಾಂಡಿನ ಸ್ಕೋಪ್ ಮಾಲೀಕ