ಶಂಖಪುಷ್ಪಕ್ಕೆ ನರ್ಸರಿ ಯಾಕೆ, ಬೀಜ ಸಾಕಲ್ವಾ

ಸಂಪಾದಕರಿಗೆ ನಮಸ್ಕಾರ,

ಮಳೆಗಾಲ ಶುರುವಾದ್ರೆ ಸಾಕು ಜನ ನರ್ಸರಿಗೆ ಹೋಗಿ ದುಡ್ಡು ಕೊಟ್ಟು ಶಂಖಪುಷ್ಪದ ಗಿಡ ತರ್ತಾರೆ, ಬೀಜದಿಂದಲೇ ಈ ಬಳ್ಳಿ ಎಷ್ಟು ಜೋರಾಗಿ ಬರತ್ತೆ ಅಂತ ಗೊತ್ತಿದ್ರೆ ಯಾರೂ ಕೊಳ್ಳಲ್ಲ. ಅಕ್ಕಪಕ್ಕದ ಕಾಂಪೌಂಡಲ್ಲಿ ಒಣಗಿ ಕಂದು ಬಣ್ಣಕ್ಕೆ ತಿರುಗಿರೋ ಕಾಯಿ ಕೇಳಿ ತನ್ನಿ, ತಡ ಮಾಡಿದ್ರೆ ತಾನಾಗೇ ಸಿಡಿದು ಬೀಜ ಚೆಲ್ಲಿಬಿಡತ್ತೆ.

ಬೀಜ ಹುಟ್ಟಲೇ ಇಲ್ಲ ಅಂತ ತುಂಬಾ ಜನ ಬೇಜಾರಾಗ್ತಾರಲ್ಲ, ಅದಕ್ಕೆ ಸಿಪ್ಪೆನೇ ಕಾರಣ. ಕಲ್ಲಿನಷ್ಟು ಗಟ್ಟಿ, ನೀರು ಒಳಗಿಳಿಯಲ್ಲ. ಬೀಜದ ಕಣ್ಣು, ಅಂದ್ರೆ ಕಾಯಿಗೆ ಅಂಟ್ಕೊಂಡಿದ್ದ ಗುರುತು, ಇರೋ ಕಡೆ ಬಿಟ್ಟು ಇನ್ನೊಂದು ಬದಿನ ಸ್ಯಾಂಡ್‌ಪೇಪರಲ್ಲಿ ಒಳಗಿನ ತಿಳಿ ಬಣ್ಣ ಕಾಣೋವರೆಗೂ ಮೆಲ್ಲಗೆ ಉಜ್ಜಿ, ರಾತ್ರಿ ನೀರಲ್ಲಿ ನೆನೆಹಾಕಿ, ಬೆಳಗ್ಗೆ ಉಬ್ಬಿರೋದನ್ನ ಬಿತ್ತಿ, ಉಬ್ಬದೇ ಇರೋದನ್ನ ಮತ್ತೆ ಉಜ್ಜಿ. 1 ಸೆಂಟಿಮೀಟರ್ ಆಳ ಸಾಕು. ತಾಯಿಬೇರು ನೇರ ಕೆಳಗಿಳಿಯತ್ತೆ, ಆಮೇಲೆ ಕಿತ್ತು ನೆಟ್ರೆ ಸೊರಗತ್ತೆ, ಹಾಗಾಗಿ ಬೆಳೆಯೋ ಜಾಗದಲ್ಲೇ ಬಿತ್ತೋದು ಒಳ್ಳೇದು.

ದಯವಿಟ್ಟು ಯೂರಿಯಾ ಹಾಕ್ಬೇಡಿ. ಇದು ಅವರೆ, ಅಲಸಂದೆ ಕುಟುಂಬದ್ದೇ, ಬೇರಿನ ಗಂಟಲ್ಲಿರೋ ರೈಜೋಬಿಯಂ ಬ್ಯಾಕ್ಟೀರಿಯಾ ಗಾಳಿಯಿಂದ ಸಾರಜನಕ ಹಿಡಿದು ಕೊಡತ್ತೆ, ಮೇಲಿಂದ ನಾವೂ ಸುರಿದ್ರೆ ಬರೀ ಎಲೆ, ಹೂವು ಕಮ್ಮಿ. ಚೆನ್ನಾಗಿ ಬಿಸಿಲು, ಸುತ್ಕೊಳ್ಳೋಕೆ ಒಂದು ದಾರ ಸಿಕ್ರೆ ಎರಡು ತಿಂಗಳ ಆಸುಪಾಸಿಗೆ ಹೂ ಬಿಡೋಕೆ ಶುರು, ಎಂಥಾ ನೀಲಿ ಅಂತೀರಾ!

ನಿಮ್ಮ ಪುರವಣಿಯಲ್ಲಿ ಫಾರಿನ್ ಬಳ್ಳಿಗಳ ಫೋಟೋ ಜೊತೆ ಇಂಥ ಬಳ್ಳಿಗಳ ಬೀಜ ಬಿತ್ತೋ ಕ್ರಮಾನೂ ಹಾಕಿ, ಈ ಮಳೆಗಾಲ ಮುಗಿಯೋದ್ರೊಳಗೆ ಹಾಕಿದ್ರೆ ತುಂಬಾ ಉಪಕಾರ.

ಇಂತಿ,
ಒಬ್ಬ ಓದುಗ, ಮೈಸೂರು