ಗೆಳೆಯನಿಗೊಂದು ಪತ್ರ: ಕೀ ತಿರುಗುವಾಗಲೇ ಲಾಕ್ ಬದಲಿಸು

ತುಮಕೂರು

ಗೆಳೆಯಾ,

ಮೊನ್ನೆ ನೀನು ಕಾರಿನ ಕೀ ತಿರುಗೋಕೆ ಹಟ ಮಾಡ್ತಿದೆ ಅಂತ ಫೋನ್ ಮಾಡಿದಾಗ ಕೌಂಟರ್ ಮುಂದೆ ಗಿರಾಕಿಗಳು ನಿಂತಿದ್ದರು, ಮಾತು ಮೊಟಕಾಯ್ತು. ಬರೆದೇ ಕಳಿಸೋಣ ಅಂತ ಕೂತೆ. ಇಲ್ಲಿ ಎಲ್ಲರಿಗೂ ಕಾಣೋ ಹಾಗೆ ಹಾಕ್ತಿರೋದಕ್ಕೆ ಬೇಜಾರು ಮಾಡ್ಕೋಬೇಡ. ಹಳೇ ಕಾರಿನ ಕೀ ತಿರುಗ್ತಿಲ್ಲ ಅಂತ ನಮ್ಮ ಬಿಡಿಭಾಗದ ಅಂಗಡಿಗೆ ಬರೋರು ಬಹಳ ಜನ, ಅವರಿಗೂ ಉಪಯೋಗ ಆಗಲಿ.

ಮೊದಲೇ ಹೇಳಿಬಿಡ್ತೀನಿ. ನಿಮ್ಮೂರಿನ ಮೆಕ್ಯಾನಿಕ್ ಇಮೊಬಿಲೈಸರ್ (ಗುರುತಿಲ್ಲದ ಕೀಗೆ ಎಂಜಿನ್ ಓಡದ ಹಾಗೆ ತಡೆಯೋ ವ್ಯವಸ್ಥೆ) ಕಿತ್ತುಹಾಕಿ, ಸಾದಾ ಲಾಕ್ ಹಾಕಿ, ಪುಷ್ ಬಟನ್ ಕೊಡ್ತೀನಿ ಅಂದನಲ್ಲ, ಅದಕ್ಕೆ ಒಪ್ಪಬೇಡ. ಅವನು ಕೆಟ್ಟವನು ಅಂತಲ್ಲ. ಅವನಿಗೆ ಅದು ಸಲೀಸು, ನಿನಗೆ ಅದು ನಷ್ಟ.

ನಾವೆಲ್ಲ ಇಗ್ನಿಷನ್ ಲಾಕ್ ಅಂತ ಒಂದೇ ಹೆಸರಲ್ಲಿ ಕರೆದರೂ ಅಲ್ಲಿರೋದು ಮೂರು ಬೇರೆ ಬೇರೆ ವಸ್ತು. ಕೀ ಹೋಗೋ ಬ್ಯಾರೆಲ್ ಒಂದು. ಅದರ ಬೆನ್ನಿಗೆ ಅಂಟಿಕೊಂಡಿರೋ ಕರೆಂಟಿನ ಸ್ವಿಚ್ ಇನ್ನೊಂದು. ಕೀ ತೂತಿನ ಸುತ್ತ ಕಪ್ಪು ಪ್ಲಾಸ್ಟಿಕ್ ಬಳೆ ಇರುತ್ತಲ್ಲ, ಆ ಕಾಯಿಲ್, ಅದರ ಜೊತೆಗೆ ಕೀ ತಲೆಯೊಳಗಿನ ಎಲೆಕ್ಟ್ರಾನಿಕ್ ಚಿಪ್ಪು, ಇವು ಸೇರಿ ಮೂರನೆಯದು, ಇಮೊಬಿಲೈಸರಿನ ಭಾಗ. ಕಾಯಿಲೆ ಯಾವುದಕ್ಕೆ ಅಂತ ನೋಡದೆ ಪೂರ್ತಿ ಲಾಕ್ ಸೆಟ್ ಬದಲಿಸಿ ಅನ್ನೋರೇ ಜಾಸ್ತಿ. ಸೆಟ್ ಅಂದ್ರೆ ಬಾಗಿಲು, ಡಿಕ್ಕಿ ಎಲ್ಲದರ ಲಾಕೂ ಬರುತ್ತೆ, ಬಿಲ್ಲೂ ಅದಕ್ಕೆ ತಕ್ಕ ಹಾಗೆ ಬರುತ್ತೆ.

ಕೀ ಒಳಗೆ ಹೋಗಿ ತಿರುಗೋಕೆ ಹಟ ಮಾಡಿದ್ರೆ ಅದು ಬ್ಯಾರೆಲ್ಲಿನದೋ ಕೀಯದೋ ತೊಂದರೆ. ಕೀ ಸಲೀಸಾಗಿ ತಿರುಗಿ, ಮೀಟರ್ ಬೋರ್ಡಿನ ದೀಪ ಬಂದು ಹೋಗಿ ಆಡಿದ್ರೆ, ಕೀಯನ್ನ ಕೊಂಚ ಅಲ್ಲಾಡಿಸಿದ ತಕ್ಷಣ ಕರೆಂಟ್ ಹೋದ್ರೆ ಸ್ವಿಚ್ ಮೇಲೆ ಅನುಮಾನ ಪಡು. ಸೆಲ್ಫ್ ಚೆನ್ನಾಗಿ ಹೊಡೆದು, ಎಂಜಿನ್ ಹಿಡಿದ ಹಾಗೆ ಮಾಡಿ ಸತ್ತುಹೋಗಿ, ಕೀ ಗುರುತಿನ ದೀಪ ಮಿಣುಕ್ತಾ ಇದ್ರೆ ಮಾತ್ರ ಇಮೊಬಿಲೈಸರ್ ಕಡೆ ನೋಡಬೇಕು. ನಿನ್ನ ಕಾರು ಕೀ ತಿರುಗಿದ ಮೇಲೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತೆ ಅಂತ ನೀನೇ ಹೇಳಿದೆ. ಹಾಗಿದ್ರೆ ಚಿಪ್ಪೂ ಸರಿ ಇದೆ, ಕಾಯಿಲ್ಲೂ ಸರಿ ಇದೆ. ಗಟ್ಟಿಯಾಗಿರೋದನ್ನ ಕಿತ್ತು ಸವೆದಿರೋದನ್ನ ಉಳಿಸ್ಕೊಳ್ಳೋದು ಯಾವ ನ್ಯಾಯ?

ಚಿಪ್ಪು ಅಂದ್ರೆ ಏನೋ ಬ್ಯಾಟರಿ ವ್ಯವಹಾರ ಅಂದ್ಕೊಂಡಿರೋರೂ ಇದ್ದಾರೆ. ರಿಮೋಟಿಗೆ ಸೆಲ್ ಬೇಕು, ಚಿಪ್ಪಿಗೆ ಬೇಡ. ಕೀ ತಿರುಗಿಸಿದಾಗ ಆ ಕಪ್ಪು ಬಳೆಯಿಂದ ಹೊರಡೋ ಅಲೆಯಿಂದಲೇ ಚಿಪ್ಪಿಗೆ ಶಕ್ತಿ ಸಿಗುತ್ತೆ. ಹೆಚ್ಚಿನ ಕಾರುಗಳಲ್ಲಿ ಇದು 125 ಕಿಲೋಹರ್ಟ್ಜ್ ಆಸುಪಾಸಿನ ಅಲೆ, ಕೆಲವೇ ಅಂಗುಲ ದೂರ ಮಾತ್ರ ಮುಟ್ಟುತ್ತೆ. ಚಿಪ್ಪು ತನ್ನ ಗುರುತು ಹೇಳುತ್ತೆ, ಕಾರಿನ ಕಂಪ್ಯೂಟರ್ ತನ್ನ ನೆನಪಿನಲ್ಲಿರೋದಕ್ಕೆ ತಾಳೆ ನೋಡುತ್ತೆ, ಕೂಡಿಬರದಿದ್ರೆ ಎಂಜಿನ್ ಓಡೋಕೆ ಬಿಡಲ್ಲ. ರಿಮೋಟಿನ ಸೆಲ್ ಸತ್ತರೂ ಕಾರು ಸ್ಟಾರ್ಟ್ ಆಗೋದು ಇದಕ್ಕೇ. ಮಾರುತಿಯವರು ತಮ್ಮ ಕಾರುಗಳಲ್ಲಿ ಇದಕ್ಕೆ ಐಕ್ಯಾಟ್ಸ್ ಅಂತ ಹೆಸರಿಟ್ಟಿದ್ದರು. ಬ್ರಿಟನ್ನಿನಲ್ಲಿ 1998ರಿಂದ, ಆಸ್ಟ್ರೇಲಿಯಾದಲ್ಲಿ 2001ರಿಂದ, ಕೆನಡಾದಲ್ಲಿ 2007ರಿಂದ ಹೊಸ ಕಾರುಗಳಿಗೆ ಕಡ್ಡಾಯ.

ಕಡ್ಡಾಯ ಮಾಡದ ದೇಶದಲ್ಲಿ ಏನಾಯ್ತು ಗೊತ್ತಾ? ಅಮೆರಿಕದಲ್ಲಿ ಹ್ಯುಂಡೈ, ಕಿಯಾ ಕಂಪನಿಗಳ ಎಷ್ಟೋ ಕಡಿಮೆ ದರದ ಮಾಡೆಲ್‌ಗಳಿಗೆ ಇಮೊಬಿಲೈಸರ್ ಇರಲಿಲ್ಲ. 2022ರ ಹೊತ್ತಿಗೆ ಹುಡುಗರು ಸ್ಟೀರಿಂಗ್ ಕೆಳಗಿನ ಕವರ್ ಒಡೆದು, ಬ್ಯಾರೆಲ್ ಕಿತ್ತು, ಒಳಗೆ ಉಳಿಯೋ ಮೊಳೆಯಂಥ ತುದಿಯನ್ನ ಯುಎಸ್‌ಬಿ ಕೇಬಲ್ಲಿನ ಮೂತಿಯಿಂದ ತಿರುಗಿಸಿ ಕಾರು ಒಯ್ಯೋಕೆ ಶುರು ಮಾಡಿದ್ರು. ಅದರ ವಿಡಿಯೋಗಳೂ ಓಡಾಡಿದವು. ಲಾಕು ಎಷ್ಟೇ ಗಟ್ಟಿ ಅಂದ್ರೂ ಅದು ಬರೀ ತಗಡು, ಸ್ಪ್ರಿಂಗು. ಕಾರು ಕಾಯೋದು ಚಿಪ್ಪು. ನಿನ್ನ ಮೆಕ್ಯಾನಿಕ್ ಕಿತ್ತುಹಾಕ್ತೀನಿ ಅಂದಿದ್ದು ಅದನ್ನೇ.

ಇನ್ನೊಂದು ಚಾಲಾಕಿ ನಮ್ಮ ಕಡೆ ಬಹಳ ಚಾಲ್ತಿಯಲ್ಲಿದೆ. ಹಳೇ ಕೀಯ ಚಿಪ್ಪನ್ನ ಟೇಪ್ ಸುತ್ತಿ ಕಾಯಿಲ್ ಪಕ್ಕಕ್ಕೇ ಅಂಟಿಸಿಬಿಡೋದು, ಆಮೇಲೆ ಚಿಪ್ಪಿಲ್ಲದ ಅಗ್ಗದ ಕೀಯಲ್ಲಿ ಓಡಿಸೋದು. ಕಾರೇನೋ ಓಡುತ್ತೆ. ಆದ್ರೆ ಬಾಗಿಲ ಬೀಗದಕೈಯನ್ನ ಬಾಗಿಲಿಗೇ ನೇತುಹಾಕಿ ಊರಿಗೆ ಹೋದ ಹಾಗೆ ಅದು.

ಈಗ ನಿನ್ನ ಕೆಲಸಕ್ಕೆ ಬರೋಣ. ಕೀ ತೂತಿಗೆ ಕೊಬ್ಬರಿ ಎಣ್ಣೆ ಬಿಟ್ಟೆ ಅಂದೆಯಲ್ಲ, ತಿಪಟೂರಿನವನು ಅಂತ ಅಷ್ಟೊಂದು ಅಭಿಮಾನ ಬೇಡ ಕಣೋ! ಎಣ್ಣೆ ಬಿಟ್ಟ ದಿನ ನುಣ್ಣಗಿರುತ್ತೆ, ಆಮೇಲೆ ಧೂಳು ಹಿಡಿದು ಜಿಡ್ಡಾಗುತ್ತೆ, ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆ ಗಟ್ಟಿಯಾಗೋದು ನಿನಗೆ ಹೇಳಿಕೊಡಬೇಕಾ? ಲಾಕಿಗೆ ಗ್ರಾಫೈಟ್ ಪುಡಿ ಊದಬೇಕು, ಅಷ್ಟೇ. ಮತ್ತೆ, ಕೀ ತಿರುಗದಾಗ ಬಲ ಹಾಕಬೇಡ. ಸ್ಟೀರಿಂಗನ್ನ ಎಡಕ್ಕೆ ಬಲಕ್ಕೆ ಕೊಂಚ ಆಡಿಸ್ತಾ ತಿರುಗಿಸು. ಎಷ್ಟೋ ಸಲ ಸ್ಟೀರಿಂಗ್ ಲಾಕಿನ ಮೇಲೆ ಚಕ್ರದ ಒತ್ತಡ ಕೂತಿರುತ್ತೆ, ಬ್ಯಾರೆಲ್ಲಿನ ತಪ್ಪೇ ಇರಲ್ಲ.

ನಮ್ಮ ಅಂಗಡಿ ಸಾಲಿನಲ್ಲಿ ಕೀ ಮಾಡೋನೊಬ್ಬ ಇದ್ದಾನೆ. ಅವನು ಹೋದ ವಾರ ಒಂದು ಹಳೇ ಬ್ಯಾರೆಲ್ ಬಿಚ್ಚಿ ನ್ಯೂಸ್‌ಪೇಪರ್ ಮೇಲೆ ಹರಡಿದ್ದ. ತೆಳ್ಳನೆ ಹಿತ್ತಾಳೆ ಬಿಲ್ಲೆಗಳು, ಒಂದೊಂದರ ಮೇಲೂ ಸಣ್ಣ ಅಂಕಿ, ಒಂದೊಂದಕ್ಕೂ ಒಂದು ಪುಟಾಣಿ ಸ್ಪ್ರಿಂಗು. ಹೊಸ ಬಿಲ್ಲೆಯ ಅಂಚು ಚೌಕವಾಗಿರುತ್ತೆ; ಅದರ ಪಕ್ಕ ಇಟ್ಟ ಹಳೇ ಬಿಲ್ಲೆ ಮೂಲೆ ಕಳ್ಕೊಂಡು ಗುಂಡಗಾಗಿತ್ತು, ಬೆರಳಿಗೆ ಗೊತ್ತಾಗೋ ಅಷ್ಟು. ಕೀಯ ಹಲ್ಲೂ ಅಷ್ಟೇ ಸವೆದಿತ್ತು. ಆ ಕೀಯನ್ನೇ ನೋಡಿ ಡೂಪ್ಲಿಕೇಟ್ ಹೊಡೆದ್ರೆ ಸವೆತವೂ ಜೊತೆಗೇ ನಕಲಾಗುತ್ತೆ. ಹೊಸ ಕಾರು ಕೊಡುವಾಗ ಎಷ್ಟೋ ಕಂಪನಿಗಳು ಕೀ ಗೊಂಚಲಿಗೆ ನಂಬರ್ ಇರೋ ಸಣ್ಣ ಬಿಲ್ಲೆ ಕಟ್ಟಿಕೊಡ್ತಾರೆ. ನಿಮ್ಮ ಮಾವ ಕಾರು ಕೊಡುವಾಗ ಕಾಗದಪತ್ರದ ಕವರಲ್ಲಿ ಅದನ್ನ ಇಟ್ಟಿದ್ರೆ ಹುಡುಕು. ಆ ನಂಬರಿನ ಪ್ರಕಾರ ಕತ್ತರಿಸಿದ ಕೀ ಹೊಸದರ ಹಾಗೇ ಕೂರುತ್ತೆ. ಅದೃಷ್ಟ ಇದ್ರೆ ಬ್ಯಾರೆಲ್ ಮುಟ್ಟೋ ಕೆಲಸವೇ ತಪ್ಪಬಹುದು.

ತಪ್ಪದಿದ್ರೆ ಬ್ಯಾರೆಲ್ ಮಾತ್ರ ಹಾಕಿಸು. ಹೊಸ ಬ್ಯಾರೆಲ್ಲಿನ ಬಿಲ್ಲೆಗಳನ್ನ ನಿನ್ನ ಕೀಗೆ ಹೊಂದೋ ಹಾಗೆ ಮರುಜೋಡಣೆ ಮಾಡಿಸಿದ್ರೆ ಬಾಗಿಲಿಗೂ ಸ್ಟಾರ್ಟಿಂಗಿಗೂ ಒಂದೇ ಕೀ ಉಳಿಯುತ್ತೆ. ಅಷ್ಟು ತಾಳ್ಮೆ ಯಾರಿಗೂ ಇಲ್ಲದಿದ್ರೆ ಬ್ಯಾರೆಲ್ ಜೊತೆ ಬರೋ ಹೊಸ ಕೀಗೆ ಹಳೇ ಚಿಪ್ಪು ವರ್ಗಾಯಿಸಬೇಕು, ಆಗ ಬಾಗಿಲಿಗೆ ಬೇರೆ ಕೀ ಆಗುತ್ತೆ. ಚಿಪ್ಪು ಒಂದು ಸೆಂಟಿಮೀಟರ್ ಚಿಲ್ಲರೆ ಉದ್ದದ ಕಪ್ಪು ತುಂಡು, ಕೆಲವದರಲ್ಲಿ ಗಾಜಿನ ಕೊಳವೆ. ಅಂಟು ಹಾಕಿ ಕೂರಿಸಿರ್ತಾರೆ. ಸ್ಕ್ರೂಡ್ರೈವರ್ ಹಾಕಿ ಮೀಟಿದ್ರೆ ಕಥೆ ಮುಗೀತು. ಎರಡರಲ್ಲಿ ಯಾವ ದಾರಿ ಹಿಡಿದ್ರೂ ಕಂಪ್ಯೂಟರಿಗೆ ಗೊತ್ತಿರೋ ಚಿಪ್ಪೇ ಇರೋದ್ರಿಂದ ಕೋಡಿಂಗ್, ಅಂದ್ರೆ ಹೊಸ ಚಿಪ್ಪಿನ ಗುರುತನ್ನ ಕಂಪ್ಯೂಟರಿಗೆ ಕಲಿಸೋ ಕೆಲಸ, ಬೇಡ. ಕೋಡಿಂಗಿಗೆ ಇಷ್ಟು ಅಂತ ಯಾರಾದ್ರೂ ಬಿಲ್ಲಿಗೆ ಸೇರಿಸಿದ್ರೆ ಯಾಕೆ ಅಂತ ಕೇಳು.

ನಾನು ಇಷ್ಟು ಅವಸರ ಮಾಡ್ತಿರೋದಕ್ಕೆ ಕಾರಣ ಇದೆ. ಬಹಳ ಕಾರುಗಳಲ್ಲಿ ಬ್ಯಾರೆಲ್ ಹೊರಗೆ ಬರಬೇಕಾದ್ರೆ ಕೀ ಹಾಕಿ ಎಸಿಸಿವರೆಗೆ (ಎಂಜಿನ್ ಇಲ್ಲದೆ ರೇಡಿಯೋ ಬರೋ ಹಂತ) ತಿರುಗಿಸಿ, ಪಕ್ಕದ ಸಣ್ಣ ತೂತಿನಲ್ಲಿ ಪಿನ್ ಒತ್ತಬೇಕು. ಆಗ ಸರಾಗವಾಗಿ ಜಾರಿ ಬರುತ್ತೆ. ಕೀ ತಿರುಗೋದೇ ನಿಂತುಹೋದ್ರೆ ಡ್ರಿಲ್ಲಿಂಗೇ ಗತಿ. ಬ್ಯಾರೆಲ್ ಕೂತಿರೋ ಹೌಸಿಂಗನ್ನೇ ಪೂರ್ತಿ ತೆಗೀಬೇಕು ಅಂದ್ರೆ ಇನ್ನೂ ಕಷ್ಟ: ಅದನ್ನ ಹಿಡಿದಿರೋ ಬೋಲ್ಟಿನ ತಲೆ ಬಿಗಿ ಮಾಡುವಾಗಲೇ ಮುರಿದು ಬೀಳೋ ಹಾಗೆ ಮಾಡಿರ್ತಾರೆ, ಕಳ್ಳನಿಗೆ ಸ್ಪ್ಯಾನರ್ ಹಾಕೋಕೆ ಆಗಬಾರದು ಅಂತ. ಮೆಕ್ಯಾನಿಕ್ಕಿಗೂ ಆಗಲ್ಲ. ಉಳಿ ಹಿಡಿದು ತಟ್ಟಿ ತಟ್ಟಿ ತಿರುಗಿಸಬೇಕು. ಕೆಲಸ ಶುರು ಮಾಡೋಕೆ ಮುಂಚೆ ಬ್ಯಾಟರಿಯ ಮೈನಸ್ ಬಿಚ್ಚಿಸು. ಸ್ಟೀರಿಂಗಿನಲ್ಲಿ ಏರ್‌ಬ್ಯಾಗ್ ಇದ್ರೆ ಬಿಚ್ಚಿದ ಮೇಲೂ ಕೆಲವು ನಿಮಿಷ ಕಾಯಬೇಕು, ಅದರ ವೈರಿನ ಹಳದಿ ಕಪ್ಲರ್ ಮುಟ್ಟಬಾರದು.

ಇನ್ನೂ ಒಂದು ವಿಷಯ, ನಿನ್ನ ಕಳೆದುಹೋದ ಎರಡನೇ ಕೀ. ಕೈಯಲ್ಲೊಂದು ಒಳ್ಳೇ ಕೀ ಇರುವಾಗಲೇ ಇನ್ನೊಂದು ಚಿಪ್ ಕೀ ಮಾಡಿಸಿಡು. ಎಲ್ಲಾ ಕೀ ಕಳೆದುಹೋದ ಮೇಲೆ ಮಾಡಿಸೋದು ಬೇರೆಯೇ ಖರ್ಚು. ಸ್ಕ್ಯಾನರ್ ಹಾಕಿದಾಗ ಕಳೆದ ಕೀಯ ಗುರುತನ್ನ ಕಂಪ್ಯೂಟರ್ ನೆನಪಿನಿಂದ ಅಳಿಸೋಕೆ ಹೇಳು, ಇದನ್ನ ಕೇಳದಿದ್ರೆ ಯಾರೂ ತಾವಾಗಿ ಮಾಡಲ್ಲ. ಕಳೆದದ್ದಕ್ಕೆ ಪೊಲೀಸರ ಆನ್‌ಲೈನ್ ಸೇವೆ ಇ-ಲಾಸ್ಟ್‌ನಲ್ಲಿ ದೂರು ದಾಖಲಿಸಿ ಪ್ರತಿ ಇಟ್ಕೋ. ಕಾರು ಕಳುವಾದ್ರೆ ವಿಮೆಯವರು ಮೊದಲು ಕೇಳೋದೇ ಎರಡೂ ಕೀ ಎಲ್ಲಿ ಅಂತ. ಲಾಕ್ ಬದಲಿಸಿದ ಬಿಲ್ಲು, ಹಳೇ ಕೀ ಎರಡನ್ನೂ ಬಿಸಾಕಬೇಡ.

ನಿನ್ನ ಕೀ ಗೊಂಚಲು ನೋಡಿದ್ರೆ ನನಗೆ ಸಿಟ್ಟು ಬರುತ್ತೆ. ಕೊಬ್ಬರಿ ಗೋಡೌನಿನ ಕೀ, ಬೀರು ಕೀ, ಬೈಕಿನ ಕೀ, ಮೇಲೊಂದು ಹಿತ್ತಾಳೆ ಗಣಪ, ಎಲ್ಲಾ ಕಾರಿನ ಕೀಗೇ ಜೋತಾಡ್ತವೆ. ತಮಾಷೆ ಅಲ್ಲ. ಅಮೆರಿಕದ ಜನರಲ್ ಮೋಟಾರ್ಸ್ 2014ರಲ್ಲಿ ಇಗ್ನಿಷನ್ ಸ್ವಿಚ್ ದೋಷಕ್ಕೆ ಸುಮಾರು 26 ಲಕ್ಷ ಕಾರು ವಾಪಸ್ ಕರೆಸಿತು. ಗೊಂಚಲಿನ ಭಾರಕ್ಕೋ ಮೊಣಕಾಲು ತಗುಲಿಯೋ ಸ್ವಿಚ್ ಓಡ್ತಾ ಇರುವಾಗಲೇ ಆಫ್ ಕಡೆ ಜಾರ್ತಿತ್ತು, ಏರ್‌ಬ್ಯಾಗ್ ಕೆಲಸ ಮಾಡ್ತಿರಲಿಲ್ಲ. ಕಂಪನಿಯ ಪರಿಹಾರ ನಿಧಿಯೇ 124 ಸಾವುಗಳನ್ನ ಒಪ್ಪಿಕೊಂಡಿತು. ಅದು ಆ ಸ್ವಿಚ್ಚಿನ ಲೋಪ, ನಿನ್ನ ಕಾರಿನದಲ್ಲ, ಒಪ್ಪಿದೆ. ಆದ್ರೂ ಗಣಪನ್ನ ಡ್ಯಾಶ್‌ಬೋರ್ಡ್ ಮೇಲೆ ಕೂರಿಸು.

ಭಾನುವಾರ ಬರಬೇಡ, ಕೀ ಮಾಡೋನು ಸಿಗಲ್ಲ. ವಾರದ ದಿನ ಬೆಳಗ್ಗೆಯೇ ಹೊರಟು ಬಾ, ನಾನು ಅವನಿಗೆ ಹೇಳಿಟ್ಟಿರ್ತೀನಿ. ಆರ್‌ಸಿ, ಆಧಾರ್ ಎರಡೂ ತಾ, ಚಿಪ್ ಕೀ ಮಾಡೋರು ಕೇಳ್ತಾರೆ, ಕೇಳದೇ ಮಾಡಿಕೊಡೋನ ಹತ್ರ ನಾನೂ ಕಳಿಸಲ್ಲ. ಆ ನಂಬರ್ ಬಿಲ್ಲೆ ಸಿಕ್ಕಿದ್ರೆ ಮರೀಬೇಡ. ದಾರೀಲಿ ಕೆ.ಬಿ. ಕ್ರಾಸಿನಲ್ಲೋ ಗುಬ್ಬಿಯಲ್ಲೋ ಕಾಫಿಗೆ ನಿಲ್ಲಿಸಿದ್ರೆ ಚಕ್ರ ನೇರ ಮಾಡಿ ಆಫ್ ಮಾಡು. ಅಲ್ಲೇ ಕೈಕೊಟ್ರೆ ಫೋನ್ ಮಾಡು, ಬ್ಯಾರೆಲ್ ತಗೊಂಡು ನಾನೇ ಬರ್ತೀನಿ, ಕಾಫಿ ದುಡ್ಡು ನಿಂದು.

ನಿನ್ನ ಗೆಳೆಯ