ಜ್ವರ ಬಂದರೆ ಮುಚ್ಚಿಡಬೇಡಿ: ಪೋಷಕರಿಗೆ ಒಂದು ಪತ್ರ

ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಕಾರವಾರ ತಾಲೂಕು
22 ಅಕ್ಟೋಬರ್ 2021

ಪ್ರೀತಿಯ ಪೋಷಕರೇ, ನಮಸ್ಕಾರ.

ಬರುವ ಸೋಮವಾರ, 25ನೇ ತಾರೀಖು, 1ರಿಂದ 5ನೇ ತರಗತಿಯ ಮಕ್ಕಳಿಗೆ ಶಾಲೆ ಶುರುವಾಗುತ್ತದೆ. ಕೊರೋನಾ ಕಾಯಿಲೆಯಿಂದಾಗಿ 2020ರ ಮಾರ್ಚ್‌ನಲ್ಲಿ ಬಾಗಿಲು ಹಾಕಿದ್ದೆವು. ಒಂದೂವರೆ ವರ್ಷ ದಾಟಿತು. ಆಗ ಒಂದನೇ ತರಗತಿಯಲ್ಲಿ ಕಾಗುಣಿತ ಕಲಿಯುತ್ತಿದ್ದವರು ಈಗ ಮೂರನೇ ತರಗತಿ. ಈಗಿನ ಎರಡನೇ ತರಗತಿಯ ಮಕ್ಕಳಂತೂ ನಮ್ಮ ಶಾಲೆಯ ಕೋಣೆಯಲ್ಲಿ ಒಂದು ದಿನವೂ ಕೂತಿಲ್ಲ. ಅವರ ಹೆಸರು ಹಾಜರಿ ಪುಸ್ತಕದಲ್ಲಿದೆ, ಮುಖ ನನಗೆ ಸರಿಯಾಗಿ ಗೊತ್ತಿಲ್ಲ. ಬಿಸಿಯೂಟದ ಅಕ್ಕಿ ಬೇಳೆ ಹಂಚಲು ಬಂದಾಗ ಆಯಿಯ ಸೆರಗಿನ ಹಿಂದೆ ನಿಂತು ಇಣುಕಿದ್ದನ್ನು ನೋಡಿದ್ದೇನೆ, ಅಷ್ಟೇ.

ಈ ಪತ್ರದ ಜೊತೆ ಒಪ್ಪಿಗೆ ಪತ್ರ ಇಟ್ಟಿದ್ದೇನೆ. ನೀವು ಸಹಿ ಮಾಡಿ ಕೊಟ್ಟರೆ ಮಾತ್ರ ಮಗುವನ್ನು ಒಳಗೆ ಕೂರಿಸಬೇಕು ಎಂದು ಸರ್ಕಾರದ ನಿಯಮವಿದೆ. ಕಳಿಸಲೇಬೇಕು ಎಂಬ ಕಡ್ಡಾಯವಿಲ್ಲ. ಆದರೆ ಸಹಿಗಿಂತ ಮುಖ್ಯವಾದ ಒಂದು ಮಾತನ್ನು ನಿಮ್ಮಿಂದ ಕೇಳಬೇಕಿದೆ. ಅದಕ್ಕೇ ಇಷ್ಟು ಉದ್ದದ ಪತ್ರ.

ಮಗುವಿಗೆ ಜ್ವರ, ಕೆಮ್ಮು, ಗಂಟಲು ನೋವು ಬಂದರೆ, ಅಥವಾ ಮನೆಯಲ್ಲಿ ಬೇರೆ ಯಾರಿಗಾದರೂ ಬಂದರೆ, ಮುಚ್ಚಿಡಬೇಡಿ. ನಮಗೆ ಹೇಳಿ. ಮಗುವನ್ನು ಮನೆಯಲ್ಲೇ ಇಟ್ಟುಕೊಳ್ಳಿ.

ಇದು ಸಣ್ಣ ಮಾತು ಅನ್ನಿಸಬಹುದು. ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ಕಳೆದ ವರ್ಷ ನಾನು ಕಣ್ಣಾರೆ ನೋಡಿದ್ದು ಇದೆ. ಲಾಕ್‌ಡೌನ್ ಇದ್ದಾಗ ನಮಗೆ ಶಿಕ್ಷಕರಿಗೂ ಕೊರೋನಾ ಡ್ಯೂಟಿ ಹಾಕಿದ್ದರು. ನನಗೆ ಮಾಜಾಳಿ ಚೆಕ್‌ಪೋಸ್ಟ್. ಗೋವಾ ಕಡೆಯಿಂದ ಬರುವವರ ಹೆಸರು, ಊರು, ಫೋನ್ ನಂಬರು ಬರೆದುಕೊಳ್ಳುವುದು ನನ್ನ ಕೆಲಸ. ಪಕ್ಕದಲ್ಲಿ ಆರೋಗ್ಯ ಇಲಾಖೆಯವರು ಹಣೆಗೆ ಥರ್ಮಾಮೀಟರ್ ಹಿಡಿದು, 14 ದಿನ ಮನೆಯಲ್ಲೇ ಇರಬೇಕೆಂದು ಕೈಗೆ ಕ್ವಾರಂಟೈನ್ ಸೀಲು ಹಾಕುತ್ತಿದ್ದರು. ಮಡಗಾಂವಿನಲ್ಲಿ ಕೆಲಸ ಮಾಡುತ್ತಿದ್ದ ಒಬ್ಬ ಅಪ್ಪ ಬಂದರು. ನಮ್ಮದೇ ಶಾಲೆಯ ಮಗುವಿನ ಅಪ್ಪ. ಸೀಲು ಬಿದ್ದ ಕೈಯ ಮೇಲೆ ಅಂಗಿಯ ತೋಳು ಎಳೆದುಕೊಳ್ಳುತ್ತಾ, "ಅಕ್ಕೋರೇ, ಇದು ಎಷ್ಟು ದಿನಕ್ಕೆ ಅಳಿಸಿ ಹೋಗ್ತದೆ?" ಎಂದು ಕೇಳಿದರು. ಕಾಯಿಲೆ ಬರುತ್ತದಾ ಎಂದು ಅವರು ಕೇಳಲಿಲ್ಲ. ಸೀಲಿನ ಬಗ್ಗೆ ಕೇಳಿದರು.

ಅವರು ಹೆದರಿದ್ದೇ ಆಯಿತು. ಆ ಮನೆಯವರು ಬಾವಿಗೆ ಬರಬಾರದು ಎಂದು ಊರಿನವರು ಹೇಳಿದರು. ಆ ತಾಯಿಯ ಬುಟ್ಟಿಯ ಮೀನು ಯಾರೂ ಕೊಳ್ಳಲಿಲ್ಲ. 14 ದಿನ ಮುಗಿಯಿತು, ಯಾರಿಗೂ ಏನೂ ಆಗಲಿಲ್ಲ, ಆದರೂ ಜನ ಎಷ್ಟೋ ದಿನ ಆ ದಾರಿ ಬಿಟ್ಟು ಸುತ್ತು ಹಾಕಿ ಹೋಗುತ್ತಿದ್ದರು. ನಾನೂ ಹೆದರಿದ್ದೆ. ಆ ಮನೆಗೆ ಅಕ್ಕಿ ಕೊಡಲು ಹೋದಾಗ ಚೀಲವನ್ನು ದಣಪೆಯ ಹೊರಗೇ ಇಟ್ಟು, ಕೂಗಿ ಹೇಳಿ, ಬೇಗ ಬೇಗ ತಿರುಗಿದೆ. ಅಂತರ ಇಟ್ಟದ್ದು ತಪ್ಪಲ್ಲ. ಮಗು ಬಾಗಿಲಲ್ಲಿ ನಿಂತು ಕೈ ಬೀಸಿತು, ನಾನು ತಿರುಗಿ ಕೈ ಬೀಸದೆ ಬಂದೆ. ಅದು ತಪ್ಪು. ಆ ಮಗುವಿನ ಮನೆಗೂ ಈ ಪತ್ರ ಹೋಗುತ್ತಿದೆ. ನನ್ನನ್ನು ಕ್ಷಮಿಸಿ.

ಇದರಿಂದ ಊರು ಏನು ಕಲಿಯಿತು ಗೊತ್ತಾ? ಹೇಳಿದರೆ ಹೀಗಾಗುತ್ತದೆ, ಸುಮ್ನೆ ಇರೋಣ ಎಂದು ಕಲಿಯಿತು. ಈ ವರ್ಷ ಏಪ್ರಿಲ್, ಮೇ ತಿಂಗಳಲ್ಲಿ ಎರಡನೇ ಅಲೆ ಬಂದಾಗ ಅದರ ಫಲ ಕಂಡೆವು. ಮೇ 5ರಂದು ಒಂದೇ ದಿನ ರಾಜ್ಯದಲ್ಲಿ 50 ಸಾವಿರಕ್ಕೂ ಜಾಸ್ತಿ ಜನರಿಗೆ ಸೋಂಕು ಪತ್ತೆಯಾಗಿತ್ತು. ಆ ದಿನಗಳಲ್ಲಿ ಆಶಾ ಕಾರ್ಯಕರ್ತೆಯರ ಜೊತೆ ಮನೆ ಮನೆ ಸಮೀಕ್ಷೆಗೆ ಹೋದರೆ, ಒಳಗಿಂದ ಕೆಮ್ಮು ಕೇಳುತ್ತಿತ್ತು, ಹೊರಗೆ ಬಂದವರು "ನಮ್ಮಲ್ಲಿ ಎಲ್ಲರೂ ಆರಾಮ" ಎನ್ನುತ್ತಿದ್ದರು. ಬೆರಳಿಗೆ ಆಕ್ಸಿಮೀಟರ್ ಹಾಕಿದರೆ ರಕ್ತದ ಆಮ್ಲಜನಕ 94ಕ್ಕಿಂತ ಕೆಳಗೆ, ಅಂದರೆ ಇರಬೇಕಾದ್ದಕ್ಕಿಂತ ಕಡಿಮೆ, ತೋರಿಸುತ್ತಿತ್ತು. ಮೂರನೇ ದಿನ ಹೇಳಿದ್ದರೆ ಸಾಕಾಗುತ್ತಿತ್ತು. ಹತ್ತನೇ ದಿನ ಉಸಿರು ಕಟ್ಟಿದಾಗ ಹೇಳಿದರು. ಎಲ್ಲರೂ ಉಳಿಯಲಿಲ್ಲ. ನಿಮ್ಮಲ್ಲಿ ಕೆಲವರ ಮನೆಯಲ್ಲಿ ಆ ದುಃಖ ಇನ್ನೂ ಹಸಿಯಾಗಿದೆ, ನನಗೆ ಗೊತ್ತು.

ಕಾಯಿಲೆ ಬರುವುದು ಅಪರಾಧ ಅಲ್ಲ. ಶುರುವಿನಲ್ಲಿ ಭಟ್ಕಳದಲ್ಲಿ ಸೋಂಕು ಬಂದ ಕೆಲವರಿಗೆ ನಮ್ಮ ಕಾರವಾರದ ನೌಕಾನೆಲೆಯ ಪತಂಜಲಿ ಆಸ್ಪತ್ರೆಯಲ್ಲೇ ಚಿಕಿತ್ಸೆ ಕೊಟ್ಟರು, ಗುಣವಾಗಿ ಮನೆಗೆ ಹೋದರು. ಅವರನ್ನು ನೋಡಿಕೊಂಡವರೂ ಮಕ್ಕಳು ಮರಿ ಇರುವವರೇ, ಅಲ್ವಾ?

ಸೋಂಕು ತಗುಲಿದ ದಿನವೇ ಜ್ವರ ಬರುವುದಿಲ್ಲ. ಸಾಮಾನ್ಯವಾಗಿ ಐದಾರು ದಿನ ಬೇಕು, ಕೆಲವರಿಗೆ 14 ದಿನದವರೆಗೂ ಹಿಡಿಯಬಹುದು. ಕಳೆದ ವರ್ಷ 14 ದಿನ ಮನೆಯಲ್ಲಿರಿ ಎಂದದ್ದು ಅದೇ ಲೆಕ್ಕದ ಮೇಲೆ. ಇನ್ನೊಂದು ವಿಷಯ, ಜ್ವರ ಬರುವ ಎರಡು ದಿನ ಮೊದಲೇ ಅದು ಬೇರೆಯವರಿಗೆ ಹರಡಲು ಶುರುಮಾಡುತ್ತದೆ. ಹಾಗಾಗಿ ಮಗುವಿಗೆ ಮಂಗಳವಾರ ಜ್ವರ ಬಂದರೆ, ಸೋಮವಾರ ಪಕ್ಕದಲ್ಲಿ ಕೂತವರು ಯಾರು ಎಂದು ನಾವು ನೋಡಬೇಕು. ನೀವು ಮಂಗಳವಾರ ಹೇಳಿದರೆ ಆ ಮಕ್ಕಳ ಮನೆಯ ಅಜ್ಜ ಅಜ್ಜಿ ಉಳಿಯುತ್ತಾರೆ. ಶನಿವಾರ ಹೇಳಿದರೆ ಕೈ ಮೀರಿರುತ್ತದೆ. ಒಂದು ಮಗುವಿನ ಹೆಸರನ್ನೂ ನಾವು ಹೊರಗೆ ಹೇಳುವುದಿಲ್ಲ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲೂ ಹೇಳುವುದಿಲ್ಲ. ಆರೋಗ್ಯ ಕೇಂದ್ರಕ್ಕೆ ಮಾತ್ರ ತಿಳಿಸುತ್ತೇವೆ. ಹಾಜರಿಯ ಚಿಂತೆ ಬೇಡ. ಹುಷಾರಿಲ್ಲದ ಮಗು ಎಷ್ಟು ದಿನ ಮನೆಯಲ್ಲಿದ್ದರೂ ತೊಂದರೆ ಇಲ್ಲ.

ಇನ್ನು ಶಾಲೆಯಲ್ಲಿ ನಾವು ಮಾಡುವುದು. ಎರಡು ಡೋಸ್ ಲಸಿಕೆ ಹಾಕಿಸಿಕೊಂಡ ಶಿಕ್ಷಕರೇ ಚಿಕ್ಕ ಮಕ್ಕಳ ಕೋಣೆಗೆ ಹೋಗುತ್ತಾರೆ. ಒಂದು ಕೋಣೆಯಲ್ಲಿ ಅರ್ಧದಷ್ಟೇ ಮಕ್ಕಳು. ಕಿಟಕಿ ಬಾಗಿಲು ಪೂರ್ತಿ ತೆಗೆದಿರುತ್ತವೆ, ಮಳೆ ಬಂದರೂ ಗಾಳಿಯ ಕಡೆಯ ಕಿಟಕಿ ಮಾತ್ರ ಹಾಕುತ್ತೇವೆ. ಸಾಧ್ಯವಾದ ದಿನ ಜಗಲಿಯಲ್ಲೇ ಪಾಠ. ಯಾಕೆ ಎಂದು ನಿಮಗೆ ಸುಲಭವಾಗಿ ತಿಳಿಯುತ್ತದೆ. ಬಾಗಿಲು ಹಾಕಿದ ಅಡುಗೆಮನೆಯಲ್ಲಿ ಬಂಗಡೆ ಹುರಿದರೆ ಸಂಜೆಯಾದರೂ ವಾಸನೆ ಹೋಗುವುದಿಲ್ಲ. ಅಂಗಳದಲ್ಲಿ ಹುರಿದರೆ ನಿಲ್ಲುವುದೇ ಇಲ್ಲ. ಮಾತಾಡುವಾಗ, ಕೆಮ್ಮುವಾಗ ಬಾಯಿಂದ ಬರುವ ತೀರಾ ಸಣ್ಣ ಹನಿಗಳೂ ಹಾಗೇ ಗಾಳಿಯಲ್ಲಿ ತೇಲುತ್ತವೆ. ಮಾಸ್ಕ್ ಅವುಗಳನ್ನು ಹೊರಡುವ ಜಾಗದಲ್ಲೇ ತಡೆಯುತ್ತದೆ. ಮೂಗು ಬಿಟ್ಟು ಗಲ್ಲಕ್ಕೆ ಹಾಕಿದ ಮಾಸ್ಕ್‌ನಿಂದ ಉಪಯೋಗವಿಲ್ಲ. ಮನೆಯಲ್ಲಿ ಹತ್ತಿಬಟ್ಟೆಯ ಎರಡು ಮಾಸ್ಕ್ ಹೊಲಿದು ಕೊಡಿ. ಒಂದು ಒದ್ದೆಯಾದರೆ ಇನ್ನೊಂದು ಬೇಕಾಗುತ್ತದೆ.

ಸೋಪಿನ ವಿಷಯವೂ ಅಷ್ಟೇ. ಮೀನು ಕೊಯ್ದ ಕೈಯನ್ನು ಬರೀ ನೀರಿನಲ್ಲಿ ತೊಳೆದರೆ ಜಿಡ್ಡು ಹೋಗುತ್ತದಾ? ಈ ವೈರಾಣುವಿನ ಮೈಮೇಲೂ ಒಂದು ಜಿಡ್ಡಿನ ಪದರ ಇದೆ. ಸೋಪು ಆ ಪದರವನ್ನೇ ಕರಗಿಸುತ್ತದೆ, ಆಮೇಲೆ ವೈರಾಣು ಉಳಿಯುವುದಿಲ್ಲ. ಇಪ್ಪತ್ತು ಸೆಕೆಂಡು ತಿಕ್ಕಬೇಕು. ಒಂದರಿಂದ ಇಪ್ಪತ್ತರವರೆಗೆ ನಿಧಾನವಾಗಿ ಎಣಿಸುತ್ತಾ ಕೈ ತೊಳೆಯುವುದನ್ನು ಈ ಎರಡು ದಿನ ಮನೆಯಲ್ಲಿ ರೂಢಿ ಮಾಡಿಸಿ. ಲೆಕ್ಕವೂ ಬಂದ ಹಾಗಾಗುತ್ತದೆ.

"ಮಕ್ಕಳಿಗೆ ಇನ್ನೂ ಲಸಿಕೆಯೇ ಬಂದಿಲ್ಲ, ಹೇಗೆ ಕಳಿಸುವುದು ಅಕ್ಕೋರೇ?" ಎಂದು ಹಲವು ತಾಯಂದಿರು ಕೇಳಿದ್ದೀರಿ. ನ್ಯಾಯವಾದ ಪ್ರಶ್ನೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಈ ವರ್ಷ ಜೂನ್, ಜುಲೈನಲ್ಲಿ ದೇಶದ ಹಲವು ಜಿಲ್ಲೆಗಳಲ್ಲಿ ರಕ್ತಪರೀಕ್ಷೆ ಮಾಡಿತು. 6ರಿಂದ 9 ವರ್ಷದ ಮಕ್ಕಳಲ್ಲಿ ಶೇ. 57ರಷ್ಟು ಮಕ್ಕಳಿಗೆ ಸೋಂಕು ಆಗಲೇ ಬಂದು ಹೋದ ಗುರುತು ಸಿಕ್ಕಿತು. ಎಷ್ಟೋ ಮಕ್ಕಳ ವಿಷಯದಲ್ಲಿ ಮನೆಯವರಿಗೆ ಅದು ಗೊತ್ತೇ ಆಗಿರಲಿಲ್ಲ. ಚಿಕ್ಕವರ ಮೈ ಇದನ್ನು ದೊಡ್ಡವರಿಗಿಂತ ಚೆನ್ನಾಗಿ ತಡೆದುಕೊಳ್ಳುತ್ತದೆ. ಶಾಲೆ ತೆರೆಯುವಾಗ ಪ್ರಾಥಮಿಕ ತರಗತಿಗಳಿಂದಲೇ ಶುರುಮಾಡಬಹುದು ಎಂದು ಐಸಿಎಂಆರ್ ಮುಖ್ಯಸ್ಥರಾದ ಡಾ. ಬಲರಾಮ್ ಭಾರ್ಗವ ಅವರು ಜುಲೈನಲ್ಲೇ ಹೇಳಿದ್ದರು. ನಮ್ಮಲ್ಲಿ ದೊಡ್ಡ ತರಗತಿಗಳನ್ನು ಮೊದಲು ತೆರೆದರು. 2020ರ ಮಾರ್ಚ್‌ನಲ್ಲಿ ಶಾಲೆ ಮುಚ್ಚಿದ್ದು ಸರಿ, ಆಗ ಈ ಕಾಯಿಲೆ ಏನೆಂದು ಯಾರಿಗೂ ಗೊತ್ತಿರಲಿಲ್ಲ. ಆದರೆ ಪುಟ್ಟ ಮಕ್ಕಳನ್ನು ಇಷ್ಟು ದಿನ ಹೊರಗೆ ಇಟ್ಟದ್ದು ಜಾಸ್ತಿಯಾಯಿತು ಎಂದೇ ನನ್ನ ಅಭಿಪ್ರಾಯ.

ನಷ್ಟ ಎಷ್ಟಾಗಿದೆ ಎಂದು ನೀವೂ ನೋಡಿದ್ದೀರಿ. ಶಾಲೆ ಮುಚ್ಚಿದ್ದಾಗ ಸರ್ಕಾರ ತಂದ ವಿದ್ಯಾಗಮ ಯೋಜನೆಯಲ್ಲಿ ದೇವಸ್ಥಾನದ ಪಡಸಾಲೆಯಲ್ಲಿ, ಮನೆಗಳ ಜಗಲಿಯಲ್ಲಿ ಕೂರಿಸಿ ಕಲಿಸಿದೆವು. ಕಳೆದ ಅಕ್ಟೋಬರ್‌ನಲ್ಲಿ ಅದೂ ನಿಂತಿತು. ಚಂದನ ವಾಹಿನಿಯ ಪಾಠ ಬರುವ ಹೊತ್ತಿಗೆ ಕರೆಂಟ್ ಇರುತ್ತಿರಲಿಲ್ಲ. ಶಿರಸಿ, ಯಲ್ಲಾಪುರ, ಜೋಯಿಡಾ ಕಡೆ ಮಕ್ಕಳು ನೆಟ್‌ವರ್ಕ್‌ಗಾಗಿ ಗುಡ್ಡ ಹತ್ತಿ ಕೂರುತ್ತಿದ್ದರು. ನಮ್ಮಲ್ಲಿ ನೆಟ್‌ವರ್ಕ್ ಇತ್ತು, ಆದರೆ ಮನೆಯ ಒಂದೇ ಫೋನು ಅಪ್ಪನ ಜೊತೆ ದೋಣಿಗೆ ಹೋಗುತ್ತಿತ್ತು. ಜುಲೈ ಕೊನೆಯಲ್ಲಿ ಕದ್ರಾ ಅಣೆಕಟ್ಟೆಯ ನೀರು ಬಿಟ್ಟು ಕಾಳಿ ನದಿ ದಡದ ಊರುಗಳಿಗೆ ನೀರು ನುಗ್ಗಿದಾಗ ಕೆಲವು ಮಕ್ಕಳ ಪಾಠಪುಸ್ತಕವೂ ಹೋಯಿತು. ಸೆಪ್ಟೆಂಬರ್‌ನಲ್ಲಿ ಆರನೇ ತರಗತಿ ಶುರುವಾದಾಗ ಒಬ್ಬ ಹುಡುಗ ತನ್ನ ಹೆಸರಿನ ಒತ್ತಕ್ಷರ ಮರೆತು ಬಹಳ ಹೊತ್ತು ಪೆನ್ಸಿಲ್ ಹಿಡಿದು ಕೂತಿದ್ದ. ಅವನು ದಡ್ಡನಲ್ಲ. ಬರೆಯುವ ಕೆಲಸವೇ ಇರಲಿಲ್ಲ ಅವನಿಗೆ. ಅದಕ್ಕೇ ಮೊದಲ ಕೆಲವು ವಾರ ಹೊಸ ಪಾಠ ಮಾಡುವುದಿಲ್ಲ. ಹಾಡು, ಕಥೆ, ಓದು, ಬರಹ ಮಾತ್ರ. ಮನೆಯಲ್ಲಿ "ಎಲ್ಲಾ ಮರೆತುಬಿಟ್ಟೆಯಾ" ಎಂದು ಗದರಬೇಡಿ.

ಮಕ್ಕಳಿಗೆ ಲಸಿಕೆ ಇಲ್ಲದಿದ್ದರೂ ಸುತ್ತಲಿನ ದೊಡ್ಡವರಿಗೆ ಇದೆಯಲ್ಲ. ನಿನ್ನೆ ದೇಶದಲ್ಲಿ 100 ಕೋಟಿ ಡೋಸ್ ಮುಗಿದ ಸುದ್ದಿ ಕೇಳಿದ್ದೀರಿ. ಆದರೆ ಒಂದು ಡೋಸ್ ಹಾಕಿಸಿಕೊಂಡು ಸಾಕು ಎಂದು ಕೂತವರು ನಮ್ಮ ಊರಿನಲ್ಲೇ ಇದ್ದಾರೆ. ಕೋವಿಶೀಲ್ಡ್ ಹಾಕಿಸಿಕೊಂಡು 84 ದಿನ ದಾಟಿದವರು, ಕೋವ್ಯಾಕ್ಸಿನ್ ಹಾಕಿಸಿಕೊಂಡು 28 ದಿನ ದಾಟಿದವರು, ಈ ವಾರವೇ ಆರೋಗ್ಯ ಕೇಂದ್ರಕ್ಕೆ ಹೋಗಿ ಬನ್ನಿ. ದುಡ್ಡು ಬೇಡ. ಅಜ್ಜ ಅಜ್ಜಿಗೆ ಇನ್ನೂ ಮೊದಲನೆಯದೇ ಆಗಿಲ್ಲದಿದ್ದರೆ ಅವರನ್ನು ಮೊದಲು ಕರೆದುಕೊಂಡು ಹೋಗಿ. ಶಾಲೆಯಿಂದ ಮಗು ಏನಾದರೂ ಹೊತ್ತು ತಂದರೆ ಜಾಸ್ತಿ ಕಷ್ಟವಾಗುವುದು ಅವರಿಗೇ. ಹೆದರುವ ಹಿರಿಯರಿಗೆ ಸಿದ್ದಾಪುರ ಕಡೆಯ ನೆಂಟರ ಮಾತು ನೆನಪಿಸಿ. ಅಲ್ಲಿ ಕಾಡಿನ ಉಣುಗು ಕಚ್ಚಿ ಬರುವ ಮಂಗನ ಕಾಯಿಲೆಯನ್ನು ಕಂಡವರು ಕಾಡಿಗೆ ಹೋಗುವ ಮೊದಲು ಉಣುಗು ಹತ್ತದಂತೆ ಕೈಕಾಲಿಗೆ ಎಣ್ಣೆ ಹಚ್ಚುತ್ತಾರೆ. ಜ್ವರ ಬಂದರೆ ಕಾಡಿಗೆ ಹೋಗಿದ್ದೆ ಎಂದು ಡಾಕ್ಟರಿಗೆ ಮೊದಲೇ ಹೇಳುತ್ತಾರೆ. ಅದರಲ್ಲಿ ನಾಚಿಕೆ ಏನೂ ಇಲ್ಲ.

ಸೋಮವಾರದಿಂದ ಶನಿವಾರದವರೆಗೆ ಅರ್ಧ ದಿನ ಮಾತ್ರ ಶಾಲೆ. ರಾಜ್ಯೋತ್ಸವ ಮುಗಿದ ಮೇಲೆ, ನವೆಂಬರ್ 2ರಿಂದ ಪೂರ್ತಿ ದಿನ. ಕುದಿಸಿ ಆರಿಸಿದ ನೀರಿನ ಬಾಟಲಿ ಕೊಟ್ಟು ಕಳಿಸಿ, ಅದನ್ನು ಬೇರೆಯವರ ಜೊತೆ ಹಂಚಿಕೊಳ್ಳಬಾರದು ಎಂದು ಹೇಳಿ. ಹಂಚಿ ತಿನ್ನಬೇಕು ಎಂದು ನಾವೇ ಕಲಿಸಿದ್ದು, ಈಗ ಬೇಡ ಎನ್ನಲು ನನಗೂ ಕಷ್ಟವಾಗುತ್ತದೆ. ಸ್ವಲ್ಪ ದಿನ, ಅಷ್ಟೇ. ಸಮವಸ್ತ್ರ ಗಿಡ್ಡವಾಗಿದ್ದರೆ ಮನೆಯ ಬಟ್ಟೆಯಲ್ಲೇ ಬರಲಿ.

ಒಪ್ಪಿಗೆ ಪತ್ರಕ್ಕೆ ಅಪ್ಪ ಅಥವಾ ಆಯಿ ಯಾರಾದರೂ ಸಹಿ ಮಾಡಬಹುದು. ಅಪ್ಪ ಸಮುದ್ರಕ್ಕೆ ಹೋಗಿದ್ದರೆ ಕಾಯುವುದು ಬೇಡ. ಹೆಬ್ಬೆಟ್ಟು ಒತ್ತಿದರೂ ಆಗುತ್ತದೆ. ಓದಲು ಕಷ್ಟವಾದರೆ ನಾಳೆ ಮಧ್ಯಾಹ್ನದವರೆಗೆ ನಾನು ಶಾಲೆಯಲ್ಲೇ ಇರುತ್ತೇನೆ, ಬನ್ನಿ, ಓದಿ ಹೇಳುತ್ತೇನೆ.

ಮಗುವಿಗೆ ಹುಷಾರಿಲ್ಲದ ದಿನ ಬೆಳಿಗ್ಗೆ ಒಂಬತ್ತರೊಳಗೆ ನನಗೆ ಒಂದು ಮಿಸ್ಡ್ ಕಾಲ್ ಕೊಟ್ಟರೂ ಸಾಕು. ನಾನೇ ತಿರುಗಿ ಫೋನ್ ಮಾಡುತ್ತೇನೆ.

ನಿಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ